‘ನೀರ್ ಬದಲಾತ್ರಿ’: ಅರಕೇರಿ ಕಟ್ಟೆಯ ರೋಗಮೀಮಾಂಸೆ

ರೋಗ ಏಕೆ ಬರುತ್ತದೆ ಎಂಬ ಪ್ರಶ್ನೆಗೆ ಜಗತ್ತಿನ ವೈದ್ಯಪಂಡಿತರು ದಪ್ಪ ದಪ್ಪ ಗ್ರಂಥ ಬರೆದು ಸುಸ್ತಾಗಿದ್ದಾರೆ. ವಿಜಯಪುರ ಜಿಲ್ಲೆಯ, ಅಮೋಘಸಿದ್ಧನ ಊರಾದ ಅರಕೇರಿಯ ಕಟ್ಟೆ ಅದನ್ನು ಎರಡೇ ಪದದಲ್ಲಿ ಮುಗಿಸಿದೆ: ‘ನೀರ್ ಬದಲಾತ್ರಿ.’ ಕೆಮ್ಮಿಗೂ ಅದೇ, ಮೊಣಕಾಲ ನೋವಿಗೂ ಅದೇ, ವಿಜಯಪುರದ ಹಾಸ್ಟೆಲಿನಿಂದ ಬಂದ ಹುಡುಗನ ಉದುರಿದ ಕೂದಲಿಗೂ ಅದೇ. ಈ ಮಹಾವಾಕ್ಯದ ಹಿಂದಿನ ಪ್ರಮಾಣಗಳನ್ನು ಲೋಕಕ್ಕೆ ತಿಳಿಸುವುದು ಪ್ರಸ್ತುತ ಪ್ರಬಂಧದ ಗುರಿ. ಪ್ರಬಂಧಕಾರ ಕಟ್ಟೆಯವರು ಕುಡಿಸಿದ ಚಹಾ ಬಿಟ್ಟರೆ ಬೇರೆ ಯಾವ ಅನುದಾನವನ್ನೂ ಪಡೆದಿಲ್ಲ.

ಪ್ರಮಾಣಗಳಲ್ಲಿ ಮೊದಲನೆಯದು ನಾಲಿಗೆ, ಅದಕ್ಕೆ ತಗಾದೆ ಬಂದರೆ ತೊಗರಿಬೇಳೆ. ಸವಳ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಬೇಳೆ ಬೇಯಿಸದ ನೀರು ಚಲೋ ನೀರಲ್ಲ. ಇದನ್ನು ಯಾವ ಪ್ರಯೋಗಾಲಯವೂ ತಳ್ಳಿಹಾಕಲಾರದು. ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚಾದರೆ ಬೇಳೆ ಮೆತ್ತಗಾಗದೆ ಗಟ್ಟಿ ಹಿಡಿದು ಕೂರುತ್ತದೆ. ಇಲ್ಲಿಯವರೆಗೆ ಕಟ್ಟೆಗೆ ಜಯ.

ನಡುವೆ ಫ್ಲೋರೈಡ್ ಎಂಬುದೊಂದು ಬಂದು ಈ ಪ್ರಮಾಣದ ಮಾನ ಕಳೆದಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನಾಲಿಗೆಗೆ ಸಿಗುವ ರುಚಿಯೂ ಇಲ್ಲ. ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಸಹಿಸಬಹುದು ಎನ್ನುತ್ತದೆ ಭಾರತೀಯ ಮಾನಕ. ನಮ್ಮ ಜಿಲ್ಲೆಯ ಕೆಲವು ಕೊಳವೆಬಾವಿಗಳಿಗೆ ಈ ಮಾನಕದ ಹಂಗಿಲ್ಲ. ಇನ್ನೂ ನಾಚಿಕೆಗೇಡಿನ ಸಂಗತಿಯೆಂದರೆ, ಕ್ಯಾಲ್ಸಿಯಂ ಕಡಿಮೆ ಇರುವ ಮೆದು ನೀರಿನಲ್ಲೇ ಫ್ಲೋರೈಡ್ ಹೆಚ್ಚು ಕರಗಿ ಕೂರುವ ಸಂಭವ. ಅಂದರೆ ಬೇಳೆ ಬೆಣ್ಣೆಯಂತೆ ಬೇಯಿಸಿಕೊಟ್ಟು ಶಿಫಾರಸು ಪಡೆದ ನೀರೇ ಮಕ್ಕಳ ಹಲ್ಲಿಗೆ ಕಂದು ಗೆರೆ ಎಳೆಯುತ್ತಿರಬಹುದು. ಹಾಗೆ ಗೆರೆ ಬಿದ್ದ ಹಲ್ಲು ನೋಡಿ ಕಟ್ಟೆ ಹೇಳಿತು: ‘ಚಾ ಭಾಳ ಕುಡೀತಾನ್ರಿ.’ ಗೆರೆ ಬಿದ್ದದ್ದು ಹಲ್ಲು ಇನ್ನೂ ವಸಡಿನೊಳಗೆ ರೂಪುಗೊಳ್ಳುತ್ತಿದ್ದಾಗ. ಆದರೂ ಚಹಾ ಎಲೆ ಮಣ್ಣಿನ ಫ್ಲೋರೈಡನ್ನು ಹೀರಿ ಕೂಡಿಡುವ ಗಿಡದ್ದು ಎಂಬುದೂ ನಿಜ. ತಪ್ಪು ದಾರಿ ಹಿಡಿದು ಅರ್ಧ ಸರಿಯಾದ ಊರಿಗೆ ಮುಟ್ಟುವುದು ಕಟ್ಟೆಯ ಸಾಂಪ್ರದಾಯಿಕ ವಿದ್ಯೆ.

ಇದಕ್ಕೆ ಪ್ರತಿಪಕ್ಷವಾಗಿ ನಿಂತದ್ದು ಒಲೆಯ ಪಂಥ. ಅದರ ಆಚಾರ್ಯೆಯಾದ ಅಜ್ಜಿಯೊಬ್ಬರ ಮತ: ‘ಕುದ್ದ ಮ್ಯಾಲ ಎಲ್ಲಾ ಸಾಯ್ತಾವ.’ ಜೀವ ಇದ್ದದ್ದು ಸಾಯುತ್ತದೆ, ಖರೆ. ಜೀವವೇ ಇಲ್ಲದ್ದು ಸಾಯುವುದು ಹೇಗೆ? ನೀರು ಆವಿಯಾದಷ್ಟೂ ಫ್ಲೋರೈಡ್ ಉಳಿದ ನೀರಿನಲ್ಲಿ ದಟ್ಟವಾಗುತ್ತದೆ. ಅವರ ಮನೆಯಲ್ಲಿ ಕುಡಿಯಲು ಶುದ್ಧ ನೀರಿನ ಘಟಕದ ಕ್ಯಾನ್ ಇತ್ತು, ಮೇಲೆ ಸ್ಟೀಲ್ ತಂಬಿಗೆ ಬೋರಲು ಹಾಕಿದ್ದರು. ಅಜ್ಜಿ ಮಾತ್ರ ಬೋರಿನ ನೀರನ್ನು ಎಸರಿಗಿಟ್ಟು, ಕುದಿ ಬಂದದ್ದನ್ನು ಜೋಳದ ಹಿಟ್ಟಿಗೆ ಸುರಿದು, ಬಿಸಿಗೆ ಬೆರಳು ಎತ್ತೆತ್ತಿ ನಾದುತ್ತಿದ್ದರು. ‘ಆ ನೀರು ಕುಡಿಯಾಕಲ್ಲೇನ್ರಿ, ರೊಟ್ಟಿಗ್ಯಾಕ?’ ಎಂದರು. ಪ್ರಬಂಧಕಾರ ಆರು ರೊಟ್ಟಿ ತಿಂದು ಈ ವಾದವನ್ನು ಒಪ್ಪಿದ.

ಈಗ ಸಿದ್ಧಾಂತದ ಮೂಲಸ್ತಂಭವಾದ ನಿನ್ನೆ-ನ್ಯಾಯ. ಇಂದಿನ ರೋಗಕ್ಕೆ ನಿನ್ನೆ ತಿಂದದ್ದೇ ಕಾರಣ, ನಿನ್ನೆಗಿಂತ ಹಿಂದಕ್ಕೆ ಹೋಗುವುದು ಶಾಸ್ತ್ರವಿರುದ್ಧ. ಈ ನ್ಯಾಯವನ್ನು ನಾರುಹುಣ್ಣಿನಷ್ಟು ನಿರ್ದಯವಾಗಿ ಗೇಲಿ ಮಾಡಿದ ರೋಗ ಇನ್ನೊಂದಿಲ್ಲ. ಮೆಟ್ಟಿಲುಬಾವಿಗೆ ಇಳಿದು ಕುಡಿದ ನೀರಿನಲ್ಲಿ ಕಣ್ಣಿಗೆ ಕಂಡೂ ಕಾಣದ ಸೈಕ್ಲಾಪ್ಸ್ ಎಂಬ ಜಲಜೀವಿಯ ಜೊತೆ ಹೊಟ್ಟೆ ಸೇರಿದ ಮರಿ, ಸುಮಾರು ಒಂದು ವರ್ಷ ಒಳಗೇ ಬೆಳೆದು, ಮೊಳಗಟ್ಟಲೆ ಹುಳವಾಗಿ ಕಾಲಿನಲ್ಲಿ ಬಾಯಿ ತೆರೆಯುತ್ತಿತ್ತು. ಕಡ್ಡಿಗೆ ಸುತ್ತಿ ದಿನಕ್ಕೆ ಬೆರಳಷ್ಟು ಎಳೆಯುತ್ತ ಕೂತವನು, ಉರಿ ತಾಳಲಾರದೆ ಅದೇ ಬಾವಿಗೆ ಕಾಲು ಇಳಿಬಿಡುತ್ತಿದ್ದ. ಹುಳ ಸಾವಿರಾರು ಮರಿಗಳನ್ನು ಅಲ್ಲೇ ಕಾರುತ್ತಿತ್ತು. ಹೋದ ವರ್ಷದ ಬೊಗಸೆ ನೀರನ್ನು ಈ ವರ್ಷದ ಹುಣ್ಣಿಗೆ ಯಾವ ಕಟ್ಟೆ ಜೋಡಿಸೀತು? ಶನಿಯ ಮೇಲೆ ಹಾಕುವುದು ಸುಲಭವಿತ್ತು. ಕೊನೆಗೆ ಗೆದ್ದದ್ದು ಔಷಧವೂ ಅಲ್ಲ, ಲಸಿಕೆಯೂ ಅಲ್ಲ. ನೀರು ಸೋಸುವ ಅರಿವೆ, ಬಾವಿಗೆ ಹಾಕಿದ ಟೆಮಿಫಾಸ್ ಕೀಟನಾಶಕ ಮತ್ತು ಕೈಪಂಪು. ದೇಶದ ಕೊನೆಯ ಪ್ರಕರಣ 1996ರಲ್ಲಿ ರಾಜಸ್ಥಾನದಲ್ಲಿ ಕಂಡಿತು. 2000ದಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತವೆಂದು ಘೋಷಣೆಯಾಯಿತು. ನಿನ್ನೆ-ನ್ಯಾಯ ಮಾತ್ರ ಮುಕ್ತವಾಗಲಿಲ್ಲ.

ಉಳಿದದ್ದು ಸೊಳ್ಳೆ ಪ್ರಕರಣ. ಡೆಂಗಿಗೆ ಗಟಾರವೇ ಕಾರಣವೆಂದು ಕಟ್ಟೆ ಒಮ್ಮತದಿಂದ ಠರಾವು ಮಾಡಿದೆ, ಹೊತ್ತು ಮುಳುಗಿದ ಮೇಲೆ ಬೇವಿನ ತಪ್ಪಲಿನ ಹೊಗೆ ಹಾಕುತ್ತದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಹಗಲಿನದು, ಹೊಗೆ ಏಳುವ ಹೊತ್ತಿಗೆ ಪಾಳಿ ಮುಗಿಸಿರುತ್ತದೆ. ಅದಕ್ಕೆ ಗಟಾರವೂ ಒಗ್ಗದು. ನಳ ಬರುವುದು ಯಾವಾಗಲೋ ಎಂದು ತುಂಬಿಟ್ಟ ಡ್ರಮ್ಮಿನ ತಿಳಿನೀರು ಬೇಕು. ಆಶಾ ಕಾರ್ಯಕರ್ತೆ ನಮ್ಮ ಡ್ರಮ್ಮಿಗೆ ಬ್ಯಾಟರಿ ಬಿಟ್ಟು ತೋರಿಸಿದಾಗ, ಅಲ್ಪವಿರಾಮದಂಥ ಮರಿಗಳು ಬೆಳಕಿಗೆ ಅಂಜಿ ನುಲಿಯುತ್ತ ತಳಕ್ಕೆ ಇಳಿದವು. ‘ನೀರು ಶುದ್ಧ ಐತಿ ಅನ್ನೋದಕ್ಕ ಇದಕ್ಕಿಂತ ಸಾಕ್ಷಿ ಬೇಕೇನ್ರಿ?’ ಎಂದು ಪ್ರಬಂಧಕಾರ ವಾದಿಸಿದ. ಆಕೆ ನೀರು ಚೆಲ್ಲಿಸಿ, ‘ಒಳಗ ತಿಕ್ಕಿ ತೊಳೀರಿ, ತತ್ತಿ ಗ್ವಾಡಿಗೆ ಅಂಟಿರ್ತಾವ, ಒಣಗಿದ್ರೂ ತಿಂಗಳಗಟ್ಟಲೆ ಬದುಕ್ತಾವ’ ಎಂದು ಹೇಳಿ ಹೋದಳು. ತೊಳೆಯುವ ಕೆಲಸ ಪ್ರಬಂಧದ ವ್ಯಾಪ್ತಿಯಲ್ಲಿರಲಿಲ್ಲ.

ಉಪಸಂಹಾರದ ಅಧ್ಯಾಯ ಸಲಾಯಿನ್ ಹಚ್ಚಿಸಿಕೊಂಡೇ ಬರೆಯಬೇಕಾಯಿತು. ಕಣ್ಣಗುಡ್ಡೆ ಹೊರಳಿಸಿದರೂ ನೋವು, ಕೀಲು ಕೀಲಿನಲ್ಲಿ ಮುರಿತ. ಎಳನೀರು ಹಿಡಿದು ಕಟ್ಟೆಯವರೆಲ್ಲ ಬಂದರು. ಹಿರಿಯರೊಬ್ಬರು ಹಣೆ ಮುಟ್ಟಿ ನೋಡಿ, ಬಾಟಲಿ ನೋಡಿ, ಸಾವಕಾಶ ಕೇಳಿದರು: ‘ನಿನ್ನಿ ವಿಜಾಪುರಕ್ಕ ಹೋಗಿದ್ರೆಲ್ಲ, ಅಲ್ಲಿ ಏನರ ನೀರ್ ಕುಡಿದ್ರೇನು?’

ಕುಡಿದಿದ್ದೆ. ಬಸ್ ನಿಲ್ದಾಣದಲ್ಲಿ, ಒಂದು ಲೋಟ.