ತವರಿಗೆ ಬಂದರೂ ಓಟು ಗಂಡನ ಮನೆಯಲ್ಲೇ

ಹರಪನಹಳ್ಳಿ ಸೀಮೆಯವರನ್ನು ‘ನಿಮ್ಮ ಎಂಪಿ ಯಾರು?’ ಎಂದು ಕೇಳಿದರೆ ಉತ್ತರ ಕೊಂಚ ತಡವಾಗಿ ಬರುತ್ತದೆ. ಮರೆತು ಅಲ್ಲ, ಲೆಕ್ಕ ಹಾಕಬೇಕಾಗುತ್ತದೆ. ನಮ್ಮ ಬಾಗಳಿಯನ್ನೇ ನೋಡಿ. ಜಿಲ್ಲೆ ವಿಜಯನಗರ, ಡಿಸಿ ಆಫೀಸು ಹೊಸಪೇಟೆ, ಲೋಕಸಭೆಗೆ ಮಾತ್ರ ದಾವಣಗೆರೆ. ಕಲ್ಲೇಶ್ವರನ ಗುಡಿ ಹತ್ತನೆಯ ಶತಮಾನದಿಂದ ಇದ್ದಲ್ಲೇ ಇದೆ. ಓಡಾಡಿದ್ದೆಲ್ಲ ನಮ್ಮ ವಿಳಾಸ.

ಮೊನ್ನೆ ಬೇಲಿಯಾಚೆ ದೊಡ್ಡವ್ವ ಮೊರದ ತುಂಬ ಶೇಂಗಾ ಹಾಕಿಕೊಂಡು ಸುಲಿಯುತ್ತ ಕೂತಿದ್ದಳು. ನನ್ನ ಕೈಯಲ್ಲಿ ಪೇಪರು ಕಂಡದ್ದೇ ಶುರು ಮಾಡಿದಳು.

“ತಮ್ಮಾ, ನಾವು ಈಗ ಬಳ್ಳಾರಿಯೋರೋ, ದಾವಣಗೆರಿಯೋರೋ?”

“ಎರಡೂ ಅಲ್ಲ ಬೇ. ಹೊಸಪೇಟಿಯೋರು.”

“ಮತ್ತ ಓಟು?”

“ಅದು ದಾವಣಗೆರಿಗೆ.”

ಅವಳು ಒಂದು ಕಾಯಿ ಒಡೆದು, ಬೀಜ ಬಾಯಿಗೆ ಹಾಕಿಕೊಂಡು, ತೀರ್ಪು ಕೊಟ್ಟಳು: “ಹಂಗಾರ ನಮ್ಮದು ತವರಿಗೆ ಬಂದ ಹೆಣ್ಮಗಳ ಬಾಳೇವು. ಮೈ ತವರಾಗ, ರೇಷನ್ ಕಾರ್ಡಿನ್ಯಾಗ ಹೆಸರು ಗಂಡನ ಮನ್ಯಾಗ.”

ಇದಕ್ಕಿಂತ ಚೆನ್ನಾಗಿ ಚುನಾವಣಾ ಆಯೋಗದವರೂ ಹೇಳಲಾರರು. ತವರು ಬಳ್ಳಾರಿಯೇ. ಮೊದಲ ಲೋಕಸಭಾ ಚುನಾವಣೆ ನಡೆದಾಗ ಬಳ್ಳಾರಿ ಜಿಲ್ಲೆ ಇನ್ನೂ ಮದ್ರಾಸ್ ರಾಜ್ಯದಲ್ಲಿತ್ತು. ಬಳ್ಳಾರಿಯಿಂದ ಗೆದ್ದು ದಿಲ್ಲಿಗೆ ಹೋದವರು ಟೇಕೂರು ಸುಬ್ರಹ್ಮಣ್ಯಂ. ಅವರ ಅವಧಿ ಮುಗಿಯುವ ಮೊದಲೇ, 1953ರ ಅಕ್ಟೋಬರ್ 1ಕ್ಕೆ, ಈ ಕಡೆಯ ತಾಲ್ಲೂಕುಗಳು ಮೈಸೂರಿಗೆ ಬಂದವು. ಮದ್ರಾಸಿನವರಾಗಿ ಓಟು ಹಾಕಿದವರು ಮೈಸೂರಿನವರಾಗಿ ಕಂದಾಯ ಕಟ್ಟಿದರು. ವಿಳಾಸ ಬದಲಾಗುವ ಚಾಳಿ ಅಂದಿನಿಂದಲೇ ನಮ್ಮ ಬೆನ್ನು ಹತ್ತಿದೆ.

ಮುಂದೆ 1997ರ ಆಗಸ್ಟ್ 15ಕ್ಕೆ ದಾವಣಗೆರೆ ಜಿಲ್ಲೆ ಹುಟ್ಟಿದಾಗ ಹರಪನಹಳ್ಳಿಯನ್ನು ಅಲ್ಲಿಗೆ ಕೊಟ್ಟರು. ದಾವಣಗೆರೆ ಹತ್ತಿರ, ಸಂತೆ ಮಾರ್ಕೆಟ್ಟು ಆಸ್ಪತ್ರೆ ಎಲ್ಲಕ್ಕೂ ಅನುಕೂಲ. ಯಾರೂ ಹೆಚ್ಚು ಗೊಣಗಲಿಲ್ಲ. ಗೊಣಗಾಟ ಎದ್ದದ್ದು ಸಂವಿಧಾನದ 371ಜೆ ವಿಧಿ ಬಂದ ಮೇಲೆ. ಬಳ್ಳಾರಿ ಸೇರಿ ಆರು ಜಿಲ್ಲೆಗೆ ಓದಿನಲ್ಲಿ, ನೌಕರಿಯಲ್ಲಿ ಮೀಸಲು ಸಿಕ್ಕಿತು. ಬೇಲಿಯಾಚೆಯ ಕೊಟ್ಟೂರು, ಹಡಗಲಿ, ಕೂಡ್ಲಿಗಿಯ ಹುಡುಗರಿಗೆ ಸೀಟು. ನಮ್ಮ ಹುಡುಗರಿಗೆ ಬರೀ ಮಾರ್ಕ್ಸ್ ಕಾರ್ಡು. ಹೋರಾಟ ನಡೆದು 2018ರಲ್ಲಿ ಮತ್ತೆ ಬಳ್ಳಾರಿಗೆ ಬಂದೆವು. ಚಾಪೆ ಬಿಚ್ಚಿ ಕೂರುವಷ್ಟರಲ್ಲಿ, 2021ರಲ್ಲಿ, ವಿಜಯನಗರ ಜಿಲ್ಲೆ.

“ಜಿಲ್ಲಾ ಬದಲಿ ಆದಾಗ ಓಟೂ ಬದಲಿ ಆಗ್ಬೇಕಿತ್ತಲ್ಲ?” ದೊಡ್ಡವ್ವನ ಪ್ರಶ್ನೆ ನ್ಯಾಯವಾದದ್ದೇ. ಆದರೆ ಜಿಲ್ಲೆಯ ಗಡಿ ಬೆಂಗಳೂರಿನವರ ಕೈಯಲ್ಲಿ, ಕ್ಷೇತ್ರದ ಗಡಿ ಪುನರ್ವಿಂಗಡಣೆ ಆಯೋಗದ ಕೈಯಲ್ಲಿ. 2008ರಲ್ಲಿ ಜಾರಿಗೆ ಬಂದ ಪುನರ್ವಿಂಗಡಣೆ ನಮ್ಮನ್ನು ದಾವಣಗೆರೆಯವರೆಂದೇ ಬರೆದುಕೊಂಡಿತು. 2026ರ ನಂತರದ ಮೊದಲ ಜನಗಣತಿ ಮುಗಿಯುವ ತನಕ ಆ ಗೆರೆ ಅಳಿಸುವ ಹಾಗಿಲ್ಲ. ಹೀಗಾಗಿ ವಿಜಯನಗರ ಜಿಲ್ಲೆಯ ಐದು ವಿಧಾನಸಭಾ ಕ್ಷೇತ್ರಗಳಲ್ಲಿ ಹಡಗಲಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಹೊಸಪೇಟೆ ಕಡೆಯ ವಿಜಯನಗರ, ನಾಲ್ಕೂ ಬಳ್ಳಾರಿ ಲೋಕಸಭೆಗೆ. ಹರಪನಹಳ್ಳಿ ಒಂದೇ ದಾವಣಗೆರೆಗೆ.

“ತವರಾಗ ದೊಡ್ಡ ದೊಡ್ಡೋರು ನಿಂತಿದ್ರು ಬಿಡು,” ಎಂದಳು ದೊಡ್ಡವ್ವ. ನಿಂತಿದ್ದರು, ನಿಜ. 1967 ಮತ್ತು 1971ರಲ್ಲಿ ಗೆದ್ದ ವಿ.ಕೆ.ಆರ್.ವಿ. ರಾವ್ ದಿಲ್ಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಕಟ್ಟಿದ ಪಂಡಿತರು, ಕೇಂದ್ರದಲ್ಲಿ ಶಿಕ್ಷಣ ಮಂತ್ರಿಯೂ ಆದರು. ದೊಡ್ಡವ್ವನಿಗೆ ಅವರ ನೆನಪಿಲ್ಲ. ಅವಳಿಗೆ ನೆನಪಿರುವುದು 1999. ಸೋನಿಯಾ ಗಾಂಧಿ ಒಂದು ಕಡೆ, ಸುಷ್ಮಾ ಸ್ವರಾಜ್ ಇನ್ನೊಂದು ಕಡೆ. “ಒಬ್ಬಾಕಿ ಸೊಸಿ, ಒಬ್ಬಾಕಿ ಮಗಳು ಅಂತ ಕೂಗ್ಯಾಡಿದ್ರು. ಹಣಿ ತುಂಬ ಕುಂಕುಮ ಇಟ್ಕಂಡು ಆಯವ್ವ ಕನ್ನಡ ಮಾತಾಡಿದ್ದು ನೋಡ್ಬೇಕಿತ್ತು!” ಕನ್ನಡ ಕಲಿತ ಸುಷ್ಮಾ 56,100 ಓಟಿನಿಂದ ಸೋತರು, ಆದರೂ ವರ್ಷ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಬಳ್ಳಾರಿಗೆ ಬಂದು ಹೋದರು. ಗೆದ್ದ ಸೋನಿಯಾ ಅಮೇಠಿ ಉಳಿಸಿಕೊಂಡು ಬಳ್ಳಾರಿ ಬಿಟ್ಟರು. ಸೋತವರು ಬಂದರು, ಗೆದ್ದವರು ಹೋದರು. ಮೊದಲ ಚುನಾವಣೆಯಿಂದ ಕಾಂಗ್ರೆಸ್ಸಿನದೇ ಆಗಿದ್ದ ಆ ಸೀಟು 2004ರಲ್ಲಿ ಕರುಣಾಕರ ರೆಡ್ಡಿಯವರ ಮೂಲಕ ಬಿಜೆಪಿಗೆ ಹೋಯಿತು.

“ಗಂಡನ ಮನಿ ಕತಿ ಏನು?”

ಗಂಡನ ಮನೆ ದಾವಣಗೆರೆಯ ಕತೆ ಎರಡು ಮನೆತನದ ಕತೆ. 1996ರಲ್ಲಿ ಭೀಮಸಮುದ್ರದ ಜಿ. ಮಲ್ಲಿಕಾರ್ಜುನಪ್ಪ, 1998ರಲ್ಲಿ ಶಾಮನೂರು ಶಿವಶಂಕರಪ್ಪ, 1999ರಲ್ಲಿ ಮತ್ತೆ ಮಲ್ಲಿಕಾರ್ಜುನಪ್ಪ. ಅಪ್ಪಂದಿರ ಆಟ ಮುಗಿದ ಮೇಲೆ ಮಕ್ಕಳದು: 2004ರಿಂದ ಜಿ.ಎಂ. ಸಿದ್ದೇಶ್ವರ, ಎದುರಿಗೆ ಎಸ್.ಎಸ್. ಮಲ್ಲಿಕಾರ್ಜುನ. ನಾವು ಹೊಸ ಗೆರೆಯೊಳಗೆ ಓಟು ಹಾಕಿದ 2009ರಲ್ಲಿ ಸಿದ್ದೇಶ್ವರ ಗೆದ್ದದ್ದು ಬರೀ 2,024 ಓಟಿನಿಂದ. ನಮ್ಮಂಥ ನಾಲ್ಕು ಹಳ್ಳಿ ಮನಸ್ಸು ಮಾಡಿದ್ದರೆ ಸಾಕಿತ್ತು. 2024ಕ್ಕೆ ಎರಡೂ ಮನೆಯ ಸೊಸೆಯಂದಿರೇ ಎದುರುಬದುರಾದರು. ಸಿದ್ದೇಶ್ವರ ಅವರ ಹೆಂಡತಿ ಗಾಯತ್ರಿಯವರನ್ನು ಮಲ್ಲಿಕಾರ್ಜುನ ಅವರ ಹೆಂಡತಿ ಪ್ರಭಾ 26,094 ಓಟಿನಿಂದ ಸೋಲಿಸಿದರು.

“ಬಳ್ಳಾರ್‍ಯಾಗ ಸೊಸಿ ಗೆದ್ದಳು, ದಾವಣಗೆರ್‍ಯಾಗೂ ಸೊಸಿ. ಮಗಳಿಗೆ ಎಲ್ಲೂ ಇಲ್ಲೇನು?”

“ಐತಿ ಬೇ, ನಮ್ಮಲ್ಲೇ ಐತಿ,” ಎಂದೆ. 2023ರಲ್ಲಿ ಹರಪನಹಳ್ಳಿ ವಿಧಾನಸಭೆಗೆ ಪಕ್ಷೇತರರಾಗಿ ಗೆದ್ದ ಲತಾ ಮಲ್ಲಿಕಾರ್ಜುನ ಹಡಗಲಿಯ ಎಂ.ಪಿ. ಪ್ರಕಾಶರ ಮಗಳು. 2008ರಲ್ಲಿ ಇದೇ ಹರಪನಹಳ್ಳಿಯಲ್ಲಿ ಅಪ್ಪ ಯಾರ ಎದುರು ಸೋತಿದ್ದರೋ ಅದೇ ಕರುಣಾಕರ ರೆಡ್ಡಿಯವರನ್ನು ಮಗಳು ಸೋಲಿಸಿದರು. ದೊಡ್ಡವ್ವ ಸೆರಗಿನಿಂದ ಮುಖ ಒರೆಸಿಕೊಂಡು ಖುಷಿಪಟ್ಟಳು.

ಕೊಡುಕೊಳ್ಳುವುದು ಮಾತ್ರ ನಿಂತಿಲ್ಲ. ಬಳ್ಳಾರಿಯಿಂದ ಎಂಪಿ ಆಗಿದ್ದ ಕರುಣಾಕರ ರೆಡ್ಡಿ ನಮ್ಮಲ್ಲಿಗೆ ಬಂದು ಎಮ್ಮೆಲ್ಲೆ ಆದರು. ಬದಲಿಗೆ ನಮ್ಮ ತಾಲ್ಲೂಕಿನ ಅರಸೀಕೆರೆಯ ವೈ. ದೇವೇಂದ್ರಪ್ಪ 2019ರಲ್ಲಿ ಅಲ್ಲಿಗೆ ಹೋಗಿ ಎಂಪಿ ಆದರು. ನಮ್ಮವರೇ ಎಂಪಿ, ಆದರೆ ನಮ್ಮ ಎಂಪಿ ಅಲ್ಲ! ಅವರಿಗೆ ಓಟು ಹಾಕುವ ಭಾಗ್ಯ ಕೊಟ್ಟೂರಿನವರಿಗಿತ್ತು, ನಮಗಿರಲಿಲ್ಲ.

ಹಾಗಂತ ಇದು ಬರೀ ನಗುವ ಮಾತಲ್ಲ. ಡಿಸಿ ಕರೆಯುವ ಮೀಟಿಂಗು ಹೊಸಪೇಟೆಯಲ್ಲಿ, ನಮ್ಮ ಎಂಪಿ ಇರುವುದು ದಾವಣಗೆರೆಯಲ್ಲಿ. ಕೆಲಸ ಆಗದಿದ್ದರೆ ಯಾರನ್ನು ಹಿಡಿಯಬೇಕು ಎನ್ನುವಷ್ಟರಲ್ಲಿ ಐದು ವರ್ಷ ಮುಗಿಯುತ್ತದೆ.

“ಮತ್ತ ರೈಲು ಯಾರ ಪಾಲಿಗೆ?” ಎಂದಳು ದೊಡ್ಡವ್ವ. ಹರಿಹರದಿಂದ ಹರಪನಹಳ್ಳಿ, ಕೊಟ್ಟೂರು ಮೇಲೆ ಹೊಸಪೇಟೆಗೆ ಹೋಗುವ ಲೈನು ಅದು.

“ಈ ಕಡಿ ದಾವಣಗೆರಿ ಎಂಪಿ, ಕೊಟ್ಟೂರು ಕಡಿ ಬಳ್ಳಾರಿ ಎಂಪಿ.”

“ಹಂಗಾರ ಅರ್ಜಿ ಇಬ್ರಿಗೂ ಬರಿ. ಇನ್ನೊಂದು ರೈಲು ಬಿಡ್ರಿ ಅನ್ನು. ಯಾರು ಮೊದ್ಲು ಬಿಡಿಸ್ತಾರೋ ಅವರೇ ನಮ್ಮ ಎಂಪಿ.”