ಸೀಟು ಕಿತ್ತವನೇ ಸವಾರ

ದೊಡ್ಡ ಚಕ್ರದ ಸೈಕಲ್ಲಿಗೆ ಒಬ್ಬ ಯಜಮಾನನಿರುತ್ತಿದ್ದ. 28 ಇಂಚಿನ ಆ ಕರಿ ಸೈಕಲ್ಲನ್ನು ಅವನು ಎಣ್ಣೆಬಟ್ಟೆಯಲ್ಲಿ ಒರೆಸುತ್ತಿದ್ದ, ಆಯುಧಪೂಜೆಗೆ ಹೂ ಮುಡಿಸುತ್ತಿದ್ದ, ಮಕ್ಕಳು ಮುಟ್ಟಿದರೆ ಗದರುತ್ತಿದ್ದ. ಅವನು ಊಟ ಮುಗಿಸಿ ಕಣ್ಣು ಮುಚ್ಚಿದಾಗ ಕದ್ದೊಯ್ದು, ಅಡ್ಡಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆದು ಕಲಿತ ತಲೆಮಾರು ನಮ್ಮದು.

ಈಗ ಬೆಂಗಳೂರಿನ ಹೊರವಲಯದ ನಮ್ಮ ಆಫೀಸಿನ ಕ್ಯಾಂಪಸ್ಸಿನಲ್ಲಿ ಓಡಾಡಲು 20 ಇಂಚು ಚಕ್ರದ ಹಳದಿ ಸೈಕಲ್ಲುಗಳಿವೆ. ಇವಕ್ಕೆ ಯಜಮಾನನೇ ಇಲ್ಲ. ಗೇಟಿನಲ್ಲಿ ಹತ್ತಬಹುದು, ಕ್ಯಾಂಟೀನಿನಲ್ಲಿ ಬಿಟ್ಟು ಹೋಗಬಹುದು. ಅಡ್ಡಬಾರಿಲ್ಲದ್ದರಿಂದ ಸೀರೆಗೂ ಸೂಟಿಗೂ ಒಂದೇ ಮರ್ಯಾದೆ. ಸೀಟಿನ ಕೆಳಗಿನ ಲಿವರ್ ಸಡಿಲಿಸಿದರೆ ಐದಡಿಯವರಿಗೂ ಆರಡಿಯವರಿಗೂ ಒಂದೇ ಸೈಕಲ್ಲು. ಈ ಲಿವರೇ ಎಲ್ಲ ರಗಳೆಯ ಮೂಲ.

ಚಿಕ್ಕ ಚಕ್ರವೆಂದರೆ ಮಕ್ಕಳಾಟವಲ್ಲ ಎಂದು ತೋರಿಸಿಕೊಟ್ಟವರು ಇಂಗ್ಲೆಂಡಿನ ಎಂಜಿನಿಯರ್ ಅಲೆಕ್ಸ್ ಮೌಲ್ಟನ್. ಮಿನಿ ಕಾರಿಗೆ ರಬ್ಬರಿನ ಸಸ್ಪೆನ್ಷನ್ ಮಾಡಿಕೊಟ್ಟವರು ಅವರೇ. 1956ರ ಸೂಯೆಜ್ ಬಿಕ್ಕಟ್ಟಿನಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಸೈಕಲ್ಲಿನ ಕಡೆ ತಿರುಗಿದರು. 1962ರಲ್ಲಿ 16 ಇಂಚು ಚಕ್ರದ ಸೈಕಲ್ಲನ್ನು ಹೊರತಂದರು. ದೊಡ್ಡ ಚಕ್ರ ದಾಟಿಕೊಂಡು ಹೋಗುವ ಗುಂಡಿಗೆ ಚಿಕ್ಕ ಚಕ್ರ ಇಳಿದು ವಿಚಾರಿಸಿಕೊಂಡೇ ಬರುತ್ತದೆ. ಅದಕ್ಕಾಗಿ ಅವರು ಸೈಕಲ್ಲಿಗೂ ರಬ್ಬರಿನ ಸಸ್ಪೆನ್ಷನ್ ಹಾಕಿದರು, ಟೈರಿಗೆ ಗಾಳಿಯನ್ನು ಬಿಗಿಯಾಗಿ ತುಂಬಿಸಿದರು. ನಮ್ಮ ಖರೀದಿ ವಿಭಾಗದವರು ಚಿಕ್ಕ ಚಕ್ರವನ್ನಷ್ಟೇ ತರಿಸಿದರು. ಸಸ್ಪೆನ್ಷನ್ನಿನ ಕೆಲಸವನ್ನು ಉದ್ಯೋಗಿಯ ಬೆನ್ನುಮೂಳೆಗೆ ಹೆಚ್ಚುವರಿ ಹೊಣೆಯಾಗಿ ಕೊಟ್ಟರು. ಕ್ಯಾಂಪಸ್ಸಿನಲ್ಲಿ ಹಂಪುಗಳಿಗೇನೂ ಬರವಿಲ್ಲ. ಹಂಪು ಹಾರಿದಾಗ ಹೊರಡುವ ಉದ್ಗಾರದಿಂದಲೇ ಸವಾರರ ಮಾತೃಭಾಷೆ ತಿಳಿಯುತ್ತದೆ.

ಚಕ್ರ ಚಿಕ್ಕದಾದರೆ ಹೆಚ್ಚು ತುಳಿಯಬೇಕೇ ಎಂಬ ಬಗ್ಗೆ ಕ್ಯಾಂಟೀನಿನಲ್ಲಿ ಒಂದು ದೊಡ್ಡ ಚರ್ಚೆಯೇ ನಡೆಯಿತು. ಒಂದು ಕಿಲೋಮೀಟರಿಗೆ 28 ಇಂಚಿನ ಚಕ್ರ ಸುಮಾರು 450 ಸುತ್ತು ಸುತ್ತಿದರೆ 20 ಇಂಚಿನದು 630ರ ಹತ್ತಿರ ಸುತ್ತಬೇಕು ಎಂದು ಲ್ಯಾಪ್‌ಟಾಪಿನಲ್ಲಿ ತಖ್ತೆಗಳೆದ್ದವು. ಪಂಕ್ಚರ್ ಹಾಕಲು ಬಂದಿದ್ದ ಹುಡುಗ, “ಸುತ್ತೋದು ಚಕ್ರ ಅಲ್ವಾ ಸಾರ್? ಮುಂದಿನ ಚೈನ್‌ವೀಲು ದೊಡ್ಡದು ಹಾಕಿದ್ರೆ ನಿಮ್ಮ ಕಾಲಿಗೆ ಎಲ್ಲಾ ಒಂದೇ” ಎಂದ. ಅವನಿಗೆ ಒಂದು ಟೀ ಕೊಡಿಸಿ ಚರ್ಚೆಯನ್ನು ಮುಂದುವರಿಸಲಾಯಿತು.

ನಮ್ಮ ಗೇಟು ದಿಬ್ಬದ ಮೇಲಿದೆ, ಕ್ಯಾಂಟೀನು ತಗ್ಗಿನಲ್ಲಿದೆ. ಬೆಳಿಗ್ಗೆ ಎಲ್ಲರೂ ಪರಿಸರಪ್ರೇಮಿಗಳಾಗಿ ಇಳಿಯುತ್ತಾರೆ. ಸಂಜೆ ಎಲ್ಲರೂ ಆರೋಗ್ಯಪ್ರೇಮಿಗಳಾಗಿ ನಡೆದು ಹತ್ತುತ್ತಾರೆ. ಕತ್ತಲಾಗುವಷ್ಟರಲ್ಲಿ ಸೈಕಲ್ಲುಗಳೆಲ್ಲ ಕ್ಯಾಂಟೀನಿನ ಮುಂದೆ. ರಾತ್ರಿ ಒಂದು ಟೆಂಪೋ ಬಂದು ಅವನ್ನು ಹೇರಿಕೊಂಡು ಗೊರಗೊರನೆ ದಿಬ್ಬ ಹತ್ತುತ್ತದೆ. ಡೀಸೆಲ್ ಉಳಿಸಲು ಬಂದ ಸೈಕಲ್ಲುಗಳ ಪ್ರಯಾಣವೆಚ್ಚ ಎಷ್ಟಾಗುತ್ತದೆಂದು ಲೆಕ್ಕ ವಿಭಾಗ ಇನ್ನೂ ಕೇಳಿಲ್ಲ; ಅವರ ಕಟ್ಟಡ ಇರುವುದೂ ತಗ್ಗಿನಲ್ಲೇ.

ಅಮೆರಿಕದ ಮೌಂಟನ್ ವ್ಯೂನಲ್ಲಿ ಗೂಗಲ್ ಕ್ಯಾಂಪಸ್ಸಿನ ಬಣ್ಣದ ಸೈಕಲ್ಲುಗಳನ್ನು ಊರವರೇ ತುಳಿದುಕೊಂಡು ಹೋಗುತ್ತಾರೆಂದು 2018ರಲ್ಲಿ ಸುದ್ದಿಯಾಗಿತ್ತು. ನಮ್ಮದಕ್ಕೆ ಹೊರಗಿನ ಕಳ್ಳರ ಭಯವಿಲ್ಲ, ಹೊರಗಿನ ರಸ್ತೆ ನೋಡಿದವರಾರೂ ಇದನ್ನು ಕದಿಯುವುದಿಲ್ಲ. ಭಯವಿರುವುದು ಸಹೋದ್ಯೋಗಿಗಳದು. ಐದು ನಿಮಿಷದ ಕೆಲಸಕ್ಕೆ ಒಳಹೋಗಿ ಬಂದರೆ ಸೈಕಲ್ಲು ಮಾಯ. ಇದಕ್ಕೆ ಉಪಾಯ ಕಂಡುಹಿಡಿದವರು ಮಾನವ ಸಂಪನ್ಮೂಲ ವಿಭಾಗದ ಒಬ್ಬ ಹಿರಿಯರು. ಲಿವರ್ ಎತ್ತಿ, ಸೀಟನ್ನು ಕೊಳವೆಸಮೇತ ಕಿತ್ತು, ಕಂಕುಳಲ್ಲಿ ಇರುಕಿಕೊಂಡು ಮೀಟಿಂಗಿಗೇ ಬಂದುಬಿಟ್ಟರು. ಸರ್ಕಾರಿ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ನಾಡಿನಲ್ಲಿ, ಸೀಟನ್ನೇ ಎತ್ತಿಕೊಂಡು ಸೈಕಲ್ ಹಿಡಿಯುವುದು ಮುಂದಿನ ಹೆಜ್ಜೆ ತಾನೆ!

ವಾರ ಕಳೆಯುವಷ್ಟರಲ್ಲಿ ಎಲ್ಲ ಮೀಟಿಂಗುಗಳಲ್ಲೂ ಲ್ಯಾಪ್‌ಟಾಪಿನ ಪಕ್ಕಕ್ಕೊಂದು ಸೀಟು. ಮೀಟಿಂಗ್ ಮುಗಿದ ಮೇಲೆ, “ಮೇಡಂ, ಇದು ನಿಮ್ಮದಾ, ನನ್ನದಾ?” ಎಂದು ಅದಲುಬದಲು ಗೊಂದಲ. ಹೊರಗೆ ಸೀಟಿಲ್ಲದ ಸೈಕಲ್ಲುಗಳ ಸಾಲು. ಸೀಟಿದ್ದೂ ಸೈಕಲ್ ಸಿಗದವರ ಅಲೆದಾಟ. ಕುರ್ಚಿ ಕೈಯಲ್ಲಿದ್ದರೂ ಕೂರಲು ಜಾಗವಿಲ್ಲದ ಸ್ಥಿತಿ ವಿಧಾನಸೌಧದ ಹೊರಗೂ ಇರುತ್ತದೆಂದು ಆಗ ಗೊತ್ತಾಯಿತು.

ಕೊನೆಗೆ ಆಡಳಿತ ಮಂಡಳಿ ಸೀಟುಗಳನ್ನು ವೆಲ್ಡ್ ಮಾಡಿಸಲು ತೀರ್ಮಾನಿಸಿತು. ಯಾವ ಎತ್ತರಕ್ಕೆ? ಸಮಿತಿ ಕೂತಿತು. ಎಲ್ಲರ ಎತ್ತರ ಕೂಡಿ, ತಲೆಯೆಣಿಕೆಯಿಂದ ಭಾಗಿಸಿ, ಬಂದ ಸರಾಸರಿಗೆ ಸೀಟುಗಳನ್ನು ಬೆಸೆಯಿತು. ಆ ಎತ್ತರದ ಮನುಷ್ಯ ನಮ್ಮಲ್ಲಿ ಯಾರೂ ಇಲ್ಲ. ಉದ್ದದವರ ಮೊಣಕಾಲು ಹ್ಯಾಂಡಲ್ಲಿಗೆ ಬಡಿಯಿತು, ಗಿಡ್ಡದವರ ಕಾಲು ನೆಲ ಮುಟ್ಟಲಿಲ್ಲ. ನಿಧಾನಕ್ಕೆ ಎಲ್ಲರೂ ನಡೆಯತೊಡಗಿದರು. ಟೆಂಪೋಗೂ ಕೆಲಸವಿಲ್ಲ. ಈಚಿನ ವಾರ್ಷಿಕ ವರದಿಯಲ್ಲಿ ಆಡಳಿತ ಮಂಡಳಿ ಹೆಮ್ಮೆಯಿಂದ ಬರೆದುಕೊಂಡಿದೆ: ಯೋಜನೆ ಪೂರ್ಣ ಯಶಸ್ವಿ, ಈಗ ಯಾವ ಹೊತ್ತಿನಲ್ಲಿ ಹೋದರೂ ಸೈಕಲ್ಲುಗಳು ಲಭ್ಯ.