ಹೊಟ್ಟೆನೋವು ಮತ್ತು ಭಾಮಿನಿ ಷಟ್ಪದಿ

ಪ್ರೌಢಶಾಲೆಯಲ್ಲಿ ಯಾವ ಹೊಸ ಕೆಲಸ ಬಂದರೂ ಎಲ್ಲರ ಕಣ್ಣು ಮೊದಲು ಬೀಳುವುದು ಕನ್ನಡ ಪಿರಿಯಡ್ಡಿನ ಮೇಲೆ. ಗಣಿತದವರಿಗೆ ಪೋರ್ಷನ್ ಮುಗಿದಿಲ್ಲ, ಕನ್ನಡ ಪಿರಿಯಡ್ಡು ಕೊಡಿ. ದವಾಖಾನೆಯವರು ಜಂತುಹುಳುವಿನ ಗುಳಿಗೆ ತಂದಿದ್ದಾರೆ, ಕನ್ನಡ ಪಿರಿಯಡ್ಡಿನಲ್ಲಿ ನುಂಗಿಸಿ. ತಾಲೂಕು ಮಟ್ಟಕ್ಕೆ ಕಬಡ್ಡಿ ತಂಡ ಆರಿಸಬೇಕು, ಕನ್ನಡದ ಹೊತ್ತಿಗೆ ಮೈದಾನಕ್ಕೆ ಬಿಡಿ. ನಾನು ಮುಖ ಸಣ್ಣಗೆ ಮಾಡಿದರೆ ಸಿದ್ಧ ಸಮಾಧಾನವೊಂದಿದೆ: "ನಿಮ್ಮದೇನ್ರಿ ಸರ, ಕನ್ನಡ. ಮಕ್ಕಳಿಗೆ ಹೆಂಗೂ ಬರ್ತದ." ಎಸ್ಸೆಸ್ಸೆಲ್ಸಿಯಲ್ಲಿ ವರ್ಷಾನುಗಟ್ಟಲೆ ಉಳಿದ ವಿಷಯಗಳಿಗೆ ನೂರು ನೂರು ಅಂಕ, ಪ್ರಥಮ ಭಾಷೆಗೆ ಮಾತ್ರ 125. ಹೆಂಗೂ ಬರುವ ವಿಷಯಕ್ಕೆ ಸರ್ಕಾರ ಇಪ್ಪತ್ತೈದು ಹೆಚ್ಚು ಕೊಟ್ಟದ್ದೇಕೆ ಎಂದು ಸ್ಟಾಫ್ ರೂಮಿನಲ್ಲಿ ಕೇಳಿ ನೋಡಿದೆ. "ಪಾಪ, ಕನ್ನಡದವರಿಗೆ ಅಂತ ಕೊಟ್ಟಾರ್ರಿ" ಎಂಬ ಉತ್ತರ ಬಂತು.

ನಮ್ಮ ಶಾಲೆಯ ಊರು ಜಾಲಹಳ್ಳಿ ಇರುವುದು ದೇವದುರ್ಗ ತಾಲೂಕಿನಲ್ಲಿ, ತಿಂಥಣಿ ಬ್ರಿಜ್ಜಿನ ಕಡೆಯ ರಸ್ತೆಯಲ್ಲಿ. ಅತ್ತ ಕೃಷ್ಣೆ ದಾಟಿದರೆ ಮೌನೇಶ್ವರನ ತಿಂಥಣಿ. ಇತ್ತ ಸುತ್ತಲೂ ಹತ್ತಿ, ತೊಗರಿ, ಕಾಲುವೆ ಹರಿದ ಕಡೆ ಭತ್ತ. ನಮ್ಮ ಮಕ್ಕಳು ಊರಿನಿಂದಲೂ ಬರುತ್ತಾರೆ, ದೊಡ್ಡಿಗಳಿಂದಲೂ ತಾಂಡಾಗಳಿಂದಲೂ ಬರುತ್ತಾರೆ. ಮನೆಯಲ್ಲಿ ಕೆಲವರದು ಲಂಬಾಣಿ ಮಾತು, ಕೆಲವರದು ಉರ್ದು. ಇವರೆಲ್ಲ ಆಟದ ಬಯಲಿನಲ್ಲಿ ಜಗಳವಾಡುವುದು ಮಾತ್ರ ಸೊಗಸಾದ ಕನ್ನಡದಲ್ಲಿ. ಆ ಕನ್ನಡ ತರಗತಿಯ ಬಾಗಿಲಿಗೆ ಬಂದೊಡನೆ ಚಪ್ಪಲಿಯ ಜೊತೆ ಹೊರಗೇ ಉಳಿಯುತ್ತದೆ. ಒಳಗೆ ಬಂದು ಕೂರುವುದು ಬೇರೆಯೇ ಕನ್ನಡ: "ಯಾಗಿದೆ", "ಯಾಗಿರುತ್ತದೆ", "ಎಂದು ಹೇಳಬಹುದಾಗಿದೆ".

ಹಾಜರಿ ಮುಗಿದ ಮೇಲೆ ಓದು. ಒಬ್ಬರು ಎದ್ದು ನಿಂತು ಗಟ್ಟಿಯಾಗಿ ಓದಬೇಕು, ಉಳಿದವರು ಪುಸ್ತಕದಲ್ಲಿ ಬೆರಳಿಟ್ಟು ಹಿಂಬಾಲಿಸಬೇಕು. ಹತ್ತನೆಯ ತರಗತಿಗೆ ವಿ.ಕೃ. ಗೋಕಾಕರ 'ಲಂಡನ್ ನಗರ' ಇದೆ. ನಮ್ಮ ಹುಡುಗರಿಗೆ ದೂರದ ಊರೆಂದರೆ ಹೆದರಿಕೆಯಿಲ್ಲ. ಅರ್ಧ ತರಗತಿಯವರ ಅಪ್ಪ ಅವ್ವ ಬೆಂಗಳೂರು, ಪುಣೆ, ಹೈದರಾಬಾದುಗಳಿಗೆ ಗುಳೆ ಹೋಗಿ ಕಟ್ಟಡ ಕಟ್ಟಿದವರು. ಆದ್ದರಿಂದ ಪಾಠ ಮುಗಿದ ಮೇಲೆ ಬಂದ ಮೊದಲ ಪ್ರಶ್ನೆ, "ಅಲ್ಲಿ ಗೌಂಡಿ ಕೆಲಸಕ್ಕ ದಿನಾ ಪಗಾರ ಎಷ್ಟರಿ ಸರ?" ಗೋಕಾಕರು ಅದನ್ನು ಬರೆದಿಲ್ಲ. ಅವರು ಬರೆದ ವೂಲ್‌ವರ್ಥ್ ಎಂಬ ಅಂಗಡಿ ಮಾತ್ರ ಎಲ್ಲರಿಗೂ ಬಾಯಿಪಾಠ, ಏಕೆಂದರೆ ಅದು ಒಂದು ಅಂಕದ ಪ್ರಶ್ನೆ. ಆ ಅಂಗಡಿಗಳು ಬ್ರಿಟನ್ನಿನಲ್ಲಿ 2009ರ ಜನವರಿಯಲ್ಲೇ ಬಾಗಿಲು ಹಾಕಿದವು. ಜಾಲಹಳ್ಳಿಯಲ್ಲಿ ಇಂದಿಗೂ ತೆರೆದಿದೆ, ವ್ಯಾಪಾರವೂ ಚೆನ್ನಾಗಿದೆ.

ಓದಿನ ನಂತರ ಕವಿ ಪರಿಚಯ. ಕಾಲ, ಸ್ಥಳ, ಕೃತಿ, ಬಿರುದು: ನಾಲ್ಕೇ ಸಾಲು. ಕವಿಗಳಿಗೆಲ್ಲ ಒಂದೇ ಅಳತೆಯ ಅಂಗಿ ಹೊಲಿದಿಟ್ಟಿರುವುದರಿಂದ ಒಬ್ಬರದು ಇನ್ನೊಬ್ಬರಿಗೆ ಸಲೀಸಾಗಿ ಹಿಡಿಸುತ್ತದೆ. ಹಿಂದಿನ ಬೆಂಚಿನವನೊಬ್ಬ ರನ್ನನಿಗೆ ಜ್ಞಾನಪೀಠ ಕೊಟ್ಟುಬಿಟ್ಟ. ರನ್ನ ಹತ್ತನೆಯ ಶತಮಾನದವನು, ಆ ಪ್ರಶಸ್ತಿಯನ್ನು ಕೊಡಲು ಶುರು ಮಾಡಿದ್ದು 1965ರಲ್ಲಿ ಎಂದೆ. ಅವನು ತಲೆ ಕೆರೆದುಕೊಂಡು, "ಲೇಟಾಗಿ ಕೊಟ್ಟಾರ್ರಿ ಸರ" ಎಂದ. ನಮ್ಮಲ್ಲಿ ಪ್ರಶಸ್ತಿ ಕೊಡುವ ಪದ್ಧತಿ ಬಲ್ಲವರು ಈ ಉತ್ತರಕ್ಕೆ ಸೊನ್ನೆ ಹಾಕಲಾರರು. ನಾನು ಅರ್ಧ ಅಂಕ ಹಾಕಿದೆ.

ಇನ್ನು ಸಂದರ್ಭ ಸಹಿತ ಸ್ವಾರಸ್ಯ. ಯಾರು ಹೇಳಿದರು, ಯಾರಿಗೆ ಹೇಳಿದರು, ಯಾವಾಗ ಹೇಳಿದರು, ಕೊನೆಗೆ ಸ್ವಾರಸ್ಯವೇನು. ಮೊದಲ ಮೂರಕ್ಕೆ ಮಕ್ಕಳು ಜಗ್ಗುವುದಿಲ್ಲ, ಅದು ಪಂಚಾಯ್ತಿ ಕಟ್ಟೆಯ ವಿಚಾರಣೆ ಇದ್ದಹಾಗೆಯೇ. ದುರ್ಗಸಿಂಹನ ಪಂಚತಂತ್ರದ 'ವೃಕ್ಷಸಾಕ್ಷಿ' ಮಾಡುವಾಗಲಂತೂ ಇಡೀ ತರಗತಿ ಕಟ್ಟೆಯೇ ಆಗುತ್ತದೆ. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯ ಜಯಸಿಂಹನ ಸಂಧಿವಿಗ್ರಹಿಯಾಗಿದ್ದವನು ಬರೆದ ಹಳಗನ್ನಡ. ಮೊದಲ ಪುಟ ಓದುವಾಗ ಮಕ್ಕಳ ಮುಖದ ಮೇಲೆ ಬರಗಾಲ. ದುಷ್ಟಬುದ್ಧಿ ತಾನೇ ಹೊನ್ನು ಹೊಡೆದುಕೊಂಡು, ತನ್ನ ಅಪ್ಪನನ್ನೇ ಆಲದ ಮರದ ಪೊಟರೆಯಲ್ಲಿ ಬಚ್ಚಿಟ್ಟು, ಮರದಿಂದ ಸುಳ್ಳು ಸಾಕ್ಷಿ ಹೇಳಿಸುವ ಹೊತ್ತಿಗೆ ಎಲ್ಲರೂ ನೆಟ್ಟಗೆ ಕೂತರು. "ಥೇಟ್ ನಮ್ಮ ದೊಡ್ಡಪ್ಪನ ಹೊಲದ ಕೇಸು ಇದ್ದಂಗ ಐತ್ರಿ" ಎಂದು ಒಬ್ಬಳು ಎದ್ದು ನಿಂತಳು. ಯಾರ್ಯಾರು ಸುಳ್ಳು ಸಾಕ್ಷಿ ಹೇಳಿದರು, ದೇವದುರ್ಗದ ಕೋರ್ಟಿನ ಮುಂದೆ ಚಹಾ ಕುಡಿಸಿದವರಾರು, ಎಲ್ಲ ವಿವರ ಬಂತು. ಸಾವಿರ ವರ್ಷದ ಹಿಂದಿನ ಮಂತ್ರಿ ಕೇಳಿದ್ದರೆ ತನ್ನ ಕತೆಗೆ ಇನ್ನೊಂದು ಉಪಕತೆ ಸೇರಿಸಿಕೊಳ್ಳುತ್ತಿದ್ದ. ಅದೇ ಹುಡುಗಿ ಮರುದಿನ ನೋಟ್‌ಬುಕ್ಕಿನಲ್ಲಿ ಬರೆದದ್ದು ಇಷ್ಟು: "ಸ್ವಾರಸ್ಯ: ದುಷ್ಟಬುದ್ಧಿಯ ಕುಟಿಲತೆಯು ಇಲ್ಲಿ ಸ್ವಾರಸ್ಯಪೂರ್ಣವಾಗಿ ಮೂಡಿಬಂದಿದೆ." ಸ್ವಾರಸ್ಯ ಏನೆಂದರೆ ಅದು ಸ್ವಾರಸ್ಯವಾಗಿದೆ. ಗೈಡಿನಲ್ಲಿ ಹಾಗೆ ಇದೆ. ಆಕೆಗೆ ಪೂರ್ತಿ ಅಂಕ.

ಗಾದೆ ವಿಸ್ತರಣೆಯೂ ಹೀಗೆಯೇ. ಯಾವ ಗಾದೆ ಕೊಟ್ಟರೂ ಮೊದಲ ಸಾಲು ಗಾದೆ ವೇದಕ್ಕೆ ಸಮಾನ, ಎರಡನೆಯ ಸಾಲು ವೇದ ಸುಳ್ಳಾದರೂ ಗಾದೆ ಸುಳ್ಳಾಗದು, ಕೊನೆಯ ಸಾಲು ಇದು ಎಲ್ಲರಿಗೂ ಅನ್ವಯಿಸುತ್ತದೆ. ನಡುವೆ ಗಾದೆಗೆ ಎರಡು ಸಾಲಿನ ಜಾಗ ಉಳಿದಿರುತ್ತದೆ, ಅದೂ ಇಕ್ಕಟ್ಟಿನದು. ಈ ಮಕ್ಕಳ ಅಜ್ಜಿಯಂದಿರು ಒಂದು ರೊಟ್ಟಿ ಬಡಿದು ಮುಗಿಸುವಷ್ಟರಲ್ಲಿ ಎರಡು ಗಾದೆ ಹೇಳಿ ಸೊಸೆಯನ್ನು ಸುಮ್ಮನಾಗಿಸುವವರು. ಅವರ್ಯಾರೂ ವೇದದ ಪೀಠಿಕೆ ಹಾಕಿದ್ದನ್ನು ನಾನು ಕೇಳಿಲ್ಲ.

ಎಲ್ಲಕ್ಕಿಂತ ವಿಚಿತ್ರವಾದದ್ದು ಪತ್ರಲೇಖನ. ಪರೀಕ್ಷೆಯಲ್ಲಿ ಮಕ್ಕಳು ತಮ್ಮ ಹೆಸರನ್ನು ಎಲ್ಲೂ ಬರೆಯಬಾರದು. ಆದ್ದರಿಂದ ಪ್ರಶ್ನೆಪತ್ರಿಕೆಯೇ ಒಂದು ಹೆಸರು ಕೊಟ್ಟು, ನಿಮ್ಮನ್ನು ಇಂಥ ಊರಿನ ಸರ್ಕಾರಿ ಪ್ರೌಢಶಾಲೆಯ ರಮ್ಯ ಎಂದು ಭಾವಿಸಿಕೊಂಡು, ಶೈಕ್ಷಣಿಕ ಪ್ರವಾಸಕ್ಕೆ ಹಣ ಕೋರಿ ನಿಮ್ಮ ತಂದೆಗೆ ಪತ್ರ ಬರೆಯಿರಿ ಎನ್ನುತ್ತದೆ. ಮೀಸೆ ಚಿಗುರುತ್ತಿರುವ ಹುಡುಗರೂ ರಮ್ಯ ಆಗಬೇಕು. "ನಾ ಯಾಕ ರಮ್ಯ ಆಗ್ಲಿರಿ ಸರ, ಗಂಡ್ಮಗ!" ಎಂದು ಒಬ್ಬ ಪ್ರತಿಭಟಿಸಿದ. ಐದು ಅಂಕ ಹೋಗುತ್ತದೆ ಎಂದ ಮೇಲೆ ಒಪ್ಪಿಕೊಂಡ. ಬಲಗಡೆ ಸ್ಥಳ, ದಿನಾಂಕ, ಎಡಗಡೆ "ತೀರ್ಥರೂಪುರವರಿಗೆ ಸಾಷ್ಟಾಂಗ ನಮಸ್ಕಾರಗಳು", ಕೆಳಗೆ ಒಕ್ಕಣೆ. ಎಲ್ಲವೂ ಸರಿಯಾಗಿತ್ತು. ನಡುವೆ ಮಾತ್ರ ರಮ್ಯ ಮರೆತುಹೋಗಿ ಅವನೇ ಎದ್ದು ಬಂದಿದ್ದ: "ಅಪ್ಪಾ, 500 ರೂಪಾಯಿ ಫೋನ್‌ಪೇ ಮಾಡು. ನನ್ನ ನಂಬರಿಗೆ ಬೇಡ, ಕಿರಾಣಿ ಅಂಗಡಿಯವರ ನಂಬರಿಗೆ ಮಾಡು. ಅವರು ಹಳೇ ಉದ್ರಿ ಮುರಿದುಕೊಳ್ಳದಂತೆ ಫೋನ್ ಮಾಡಿ ಹೇಳು. ಇಂತಿ ನಿಮ್ಮ ಪ್ರೀತಿಯ ಮಗಳು." ನನ್ನ ಸೇವೆಯಲ್ಲಿ ಕಂಡ ರಮ್ಯಂದಿರಲ್ಲಿ ಜೀವ ಇದ್ದವಳು ಇವಳೊಬ್ಬಳೇ. ಮೌಲ್ಯಮಾಪನದ ನಿಯಮದಂತೆ ಒಕ್ಕಣೆಯಲ್ಲಿ ಏಕವಚನ ಬಂದದ್ದಕ್ಕೆ ಒಂದು ಅಂಕ ಕಳೆಯಬೇಕಾಯಿತು.

ಛಂದಸ್ಸಿನ ದಿನ ತರಗತಿಯಲ್ಲಿ ಹಾಜರಿ ಕಡಿಮೆ. ಭಾಮಿನಿ ಷಟ್ಪದಿಯಲ್ಲಿ ಆರು ಸಾಲು; ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ ಮೂರು ನಾಲ್ಕು ಮೂರು ನಾಲ್ಕು ಮಾತ್ರೆಯ ಗಣಗಳು; ಮೂರು ಮತ್ತು ಆರನೆಯ ಸಾಲು ಅದರ ಒಂದೂವರೆಪಟ್ಟು, ಮೇಲೊಂದು ಗುರು. ಪ್ರಸ್ತಾರ ಹಾಕುವಾಗ ಮಕ್ಕಳು ಬೆರಳು ಮಡಚಿ ಎಣಿಸುವುದನ್ನು ನೋಡಿದರೆ ಹತ್ತಿ ಬಿಡಿಸಿದ ಕೆ.ಜಿ. ಲೆಕ್ಕ ಹಾಕಿ ಕೂಲಿ ಕೇಳುತ್ತಾರೇನೋ ಅನ್ನಿಸುತ್ತದೆ. ಇವರಿಗೆ ಹುರುಪು ಬರಲಿ ಎಂದು ಒಮ್ಮೆ, ಈ ಷಟ್ಪದಿ ಬರೆದವನು ಗದುಗಿನ ನಾರಣಪ್ಪ ಒಬ್ಬನೇ ಅಲ್ಲ, ನಮ್ಮ ಪಕ್ಕದ ಮಾನ್ವಿಯ ಜಗನ್ನಾಥದಾಸರು ಇಡೀ 'ಹರಿಕಥಾಮೃತಸಾರ'ವನ್ನು ಇದೇ ಭಾಮಿನಿಯಲ್ಲಿ ಬರೆದರು ಎಂದೆ. ಮಾನ್ವಿ ಎಂದೊಡನೆ ಬೆರಳುಗಳು ನಿಂತವು. ದಾಸರ ಚರಿತ್ರೆ ಹೇಳುವವರು ಹೇಳುವ ಕತೆಯನ್ನೂ ಹೇಳಿದೆ.

ದಾಸರಾಗುವ ಮೊದಲು ಅವರ ಹೆಸರು ಶ್ರೀನಿವಾಸಾಚಾರ್ಯ. ಸಂಸ್ಕೃತದಲ್ಲಿ ದೊಡ್ಡ ಪಂಡಿತರು. ಕನ್ನಡದಲ್ಲಿ ಹಾಡು ಕಟ್ಟುವ ದಾಸರೆಂದರೆ ಅಷ್ಟಕ್ಕಷ್ಟೆ. ವಿಜಯದಾಸರು ಮಾನ್ವಿಗೆ ಬಂದು ಊಟಕ್ಕೆ ಕರೆದಾಗ, ಹೊಟ್ಟೆನೋವು ಎಂದು ನೆವ ಹೇಳಿ ತಪ್ಪಿಸಿಕೊಂಡರು. ಆಮೇಲೆ ನಿಜವಾದ ಹೊಟ್ಟೆನೋವೇ ಬಂತು, ಯಾವ ಮದ್ದಿಗೂ ಜಗ್ಗಲಿಲ್ಲ. ಕೊನೆಗೆ ವಿಜಯದಾಸರನ್ನೇ ಮೊರೆಹೊಕ್ಕರು. ಅವರು ಶಿಷ್ಯ ಗೋಪಾಲದಾಸರ ಬಳಿ ಕಳಿಸಿದರು. ಗೋಪಾಲದಾಸರು ನಮ್ಮದೇ ದೇವದುರ್ಗ ತಾಲೂಕಿನ ಮೊಸರಕಲ್ಲಿನವರು. ಅವರು ಕೊಟ್ಟ ಜೋಳದ ರೊಟ್ಟಿಯಿಂದ ನೋವು ಹೋಯಿತು. ತಮ್ಮ ಆಯುಷ್ಯದ ನಲವತ್ತು ವರ್ಷವನ್ನೂ ಅವರಿಗೆ ಧಾರೆಯೆರೆದರು ಎನ್ನುತ್ತಾರೆ. ಕನ್ನಡವನ್ನು ಕೀಳಾಗಿ ಕಂಡ ಪಂಡಿತರು ಕನ್ನಡದಲ್ಲೇ ಮಹಾಕೃತಿ ಬರೆದರು.

ಈ ಕತೆಯಿಂದ ಮಕ್ಕಳು ವಿನಯ ಕಲಿಯುತ್ತಾರೆ ಎಂಬುದು ನನ್ನ ಎಣಿಕೆ. ಒಬ್ಬ ಕೈ ಎತ್ತಿ, "ಹಂಗಾದ್ರ ಸರ, ಹೊಟ್ಟಿನೋವು ಅಂತ ಸುಳ್ಳ ಚೀಟಿ ಕೊಟ್ಟೋರೂ ಮುಂದ ಕವಿ ಆಗ್ತಾರನ್ರಿ?" ಎಂದ. ಆ ವಾರ ಬಂದ ರಜಾ ಚೀಟಿಗಳಲ್ಲಿ ಹೊಟ್ಟೆನೋವು ವಿಪರೀತ ಹೆಚ್ಚಿತು.

ರಜಾ ಚೀಟಿಗಳನ್ನು ಮಕ್ಕಳಿಗೆ ಯಾರೂ ಕಲಿಸಿಲ್ಲ, ಗೈಡಿನಲ್ಲಿಯೂ ಇಲ್ಲ. ತಾಂಡಾದಿಂದ, ದೊಡ್ಡಿಯಿಂದ ಬರುವ ಗೆಳೆಯರ ಕೈಲಿ, ನೋಟ್‌ಬುಕ್ಕಿನ ಹರಿದ ಹಾಳೆಯಲ್ಲಿ ಬರುತ್ತವೆ. "ರಾತ್ರಿ ನಮ್ಮ ಎಮ್ಮೆ ಈದಿದೆ. ಅವ್ವ ಹತ್ತಿ ಬಿಡಿಸಲು ಹೋಗಿದ್ದಾಳೆ. ಕರು ತಾನೇ ಎದ್ದು ನಿಲ್ಲುವ ತನಕ ನಾನು ಬರುವುದಿಲ್ಲ. ಗಿಣ್ಣ ತರುತ್ತೇನೆ." ಇದು ಎಂಟನೆಯ ತರಗತಿಯವನದು. 'ಗ್ರಾಮೀಣ ಜೀವನ' ಕುರಿತ ಪ್ರಬಂಧದಲ್ಲಿ ಇದೇ ಹುಡುಗ, ಹಳ್ಳಿಗಳು ದೇಶದ ಬೆನ್ನೆಲುಬಾಗಿವೆ ಎಂದು ಬರೆದು ಮಲಗಿಬಿಟ್ಟಿದ್ದ. ಜಾತ್ರೆಯ ಕಾಲದ ಚೀಟಿಗಳ ಕಲ್ಪನಾಶಕ್ತಿ ಇನ್ನೂ ದೊಡ್ಡದು: "ನನಗೆ ನಾಳೆ ಮತ್ತು ನಾಡಿದ್ದು ಜ್ವರ ಬರುವುದರಿಂದ ರಜೆ ಕೊಡಬೇಕು." ಭವಿಷ್ಯತ್ ಕಾಲದ ಕ್ರಿಯಾಪದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ಯಾವ ವ್ಯಾಕರಣವೂ ಕೊಟ್ಟಿಲ್ಲ.

ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳಿಗೆ 'ವಲಸೆ' ಎಂಬ ಪ್ರಬಂಧ ಕೊಟ್ಟಿದ್ದೆ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂದು ಅಡಿಗೆರೆ ಎಳೆದು, ವಲಸೆಯು ಇಂದಿನ ಜ್ವಲಂತ ಸಮಸ್ಯೆಯಾಗಿದೆ, ಸರ್ಕಾರ ಸೂಕ್ತ ಕ್ರಮ ಕೈಗೊಳ್ಳಬೇಕಾಗಿದೆ ಎಂದು ಬರೆದಳು. ಐದಕ್ಕೆ ಮೂರು. ಅದೇ ತಿಂಗಳು ಅವಳ ಚೀಟಿ ಬಂತು: "ಅಪ್ಪ ಬೆಂಗಳೂರಿನಿಂದ ಬಂದಿದ್ದಾನೆ. ಸೋಮವಾರ ಹೋಗುತ್ತಾನೆ. ಮಂಗಳವಾರ ಬರುತ್ತೇನೆ." ಪೀಠಿಕೆ ಇಲ್ಲ, ಉಪಸಂಹಾರ ಇಲ್ಲ, ಬಿಡಲು ಒಂದು ಅಕ್ಷರವಿಲ್ಲ. ಇದಕ್ಕೆ ಕೊಡಲು ನನ್ನ ಬಳಿ ಅಂಕವೂ ಇಲ್ಲ. ಹಾಜರಿ ಪುಸ್ತಕದಲ್ಲಿ 'ಗೈ' ಎಂದು ಬರೆಯುವ ಅಧಿಕಾರ ಮಾತ್ರ ಇದೆ.

ನಾವು ದೊಡ್ಡವರ ಚೀಟಿಗಳಿಗೆ ಈ ಭಾಗ್ಯವೂ ಇಲ್ಲ. "ನನ್ನ ವೈಯಕ್ತಿಕ ಕೆಲಸದ ನಿಮಿತ್ತ ಒಂದು ದಿನದ ಸಾಂದರ್ಭಿಕ ರಜೆ ಮಂಜೂರು ಮಾಡಬೇಕಾಗಿ ವಿನಂತಿ" ಎಂದು ಇಲಾಖೆಯಲ್ಲಿ ಎಲ್ಲರೂ ಬರೆಯುತ್ತೇವೆ. ಮಗಳ ಮದುವೆಗೂ ಅದೇ, ಗ್ಯಾಸ್ ಸಿಲಿಂಡರಿಗೂ ಅದೇ. ಸಂದರ್ಭವಿದೆ, ಸ್ವಾರಸ್ಯವಿಲ್ಲ. ಹೈಸ್ಕೂಲಿನಲ್ಲಿ ಮಕ್ಕಳಿಗೆ ನಾವು ಕಲಿಸುವುದು ಹೆಚ್ಚುಕಡಿಮೆ ಈ ಭಾಷೆಯನ್ನೇ. ಬೇಗ ಕಲಿತವರನ್ನು ಜಾಣರು ಎನ್ನುತ್ತೇವೆ.

ಆದ್ದರಿಂದ ಪ್ರಶ್ನೆಪತ್ರಿಕೆ ತಯಾರಿಸುವ ಹಿರಿಯರಲ್ಲಿ ನನ್ನದೊಂದು ವಿನಂತಿ. ಗಾದೆ ಇರಲಿ, ಷಟ್ಪದಿ ಇರಲಿ, ಲಂಡನ್ನೂ ಇರಲಿ. ರಮ್ಯಳಿಗೆ ಒಂದು ವರ್ಷ ವಿಶ್ರಾಂತಿ ಕೊಟ್ಟು, ಆ ಜಾಗದಲ್ಲಿ ಹೀಗೊಂದು ಪ್ರಶ್ನೆ ಹಾಕಿ: ನಿಮ್ಮನ್ನು ಯಾರೆಂದೂ ಭಾವಿಸಿಕೊಳ್ಳಬೇಡಿ. ಕಳೆದ ಸಲ ನೀವು ಶಾಲೆಗೆ ಬಾರದಿದ್ದುದು ಏಕೆ? ಎಂಟು ವಾಕ್ಯಗಳಲ್ಲಿ ಬರೆಯಿರಿ. ಐದು ಅಂಕ. ಸುಳ್ಳು ಬರೆದವರಿಗೂ ಅಂಕ ಕೊಡಿ, ಕೈ ಬಿಗಿ ಹಿಡಿಯಬೇಡಿ. ಹೊಟ್ಟೆನೋವಿನ ಒಂದು ಸುಳ್ಳಿನಿಂದ ನಮ್ಮ ಜಿಲ್ಲೆಗೆ ಈಗಾಗಲೇ ಒಂದು ಮಹಾಕೃತಿ ಸಿಕ್ಕಿದೆ.